ಎಡಗಾಲಿನ ಅಳತೆ

ಹದಿನೈದು ದಿನಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಹೊನ್ನೂರಿನಲ್ಲಿ ನಾನು ಗಣಿತ ಕಲಿಸುವ ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯುತ್ತಿದ್ದೆ. ಮಾಲಿನಿ ಆ ಗೆರೆಗೆ ಹೆಬ್ಬೆರಳು ತಾಗಿಸಿ ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದಳು. ಅದೇ ಕಾಲಿನಿಂದ ಮುಂದಕ್ಕೆ ನೆಗೆದು, ಅದೇ ಕಾಲಿನ ಮೇಲೆ ಇಳಿದು, ಎರಡು ಎಣಿಸುವಷ್ಟು ಹೊತ್ತು ಅಲುಗದೆ ನಿಲ್ಲಬೇಕು. ಗೆರೆಯಿಂದ ಅವಳ ಹಿಮ್ಮಡಿಯವರೆಗಿನ ದೂರವನ್ನು ನಾನು ಟೇಪು ಹಿಡಿದು ಅಳೆಯುತ್ತಿದ್ದೆ. ಬಲಗಾಲಿಗೆ ಮೂರು ಅವಕಾಶ, ಎಡಗಾಲಿಗೆ ಮೂರು. ಪ್ರತಿ ಕಾಲಿನಲ್ಲೂ ಹೆಚ್ಚಿನದೇ ಲೆಕ್ಕಕ್ಕೆ. ಬಲಗಾಲಿನ ಅಳತೆಯನ್ನು ಎಡಗಾಲಿನದರಿಂದ ಭಾಗಿಸಿ ನೂರರಿಂದ ಗುಣಿಸಿದರೆ, ಶಸ್ತ್ರಚಿಕಿತ್ಸೆಯಾದ ಬಲಗಾಲು ಚೆನ್ನಾಗಿರುವ ಎಡಗಾಲಿನ ಶೇಕಡಾ ಎಷ್ಟಿದೆ ಎಂಬುದು ತಿಳಿಯುತ್ತದೆ.

ಡೈರಿಗೆ ಹಾಲು ಹಾಕಿ ಸೈಕಲ್ಲಿನಲ್ಲಿ ಹಿಂದಿರುಗುವ ಹನುಮಯ್ಯ ಮೊದಲ ದಿನವೇ ಬೇಲಿಯ ಆಚೆ ಕಾಲೂರಿ ನಿಂತು ಕೇಳಿದ್ದ.

"ಏನ್ ಮೇಷ್ಟ್ರೇ, ಈ ವಯಸ್ನಲ್ಲಿ ಕುಂಟೆಬಿಲ್ಲೆ ಆಡಿಸ್ತಾ ಇದ್ದೀರಿ. ಬಿಲ್ಲೆನೇ ಕಾಣಾಕಿಲ್ಲ?"

"ಬಿಲ್ಲೆ ಇಲ್ಲ ಕಣಣ್ಣ," ಎಂದಳು ಮಾಲಿನಿ, ಒಂಟಿ ಕಾಲಿನಲ್ಲಿ ನಿಂತುಕೊಂಡೇ. "ಮಂಡಿ ಒಳ್ಗೆ ಎರಡು ಸ್ಕ್ರೂ ಅವೆ. ಬೇಕಾದ್ರೆ ಬಂದು ಬಿಚ್ಕೊ."

ಮಾಲಿನಿಗೆ ಹದಿನೇಳು ವರ್ಷ. ಹೈಸ್ಕೂಲಿನ ಮೂರು ವರ್ಷ ನನ್ನ ವಿದ್ಯಾರ್ಥಿನಿ. ಈಗ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ದ್ವಿತೀಯ ಪಿಯುಸಿ, ಅಲ್ಲಿನ ಕಬಡ್ಡಿ ತಂಡದ ಮುಖ್ಯ ರೈಡರ್. ತಂದೆ ಶಾಂತಮೂರ್ತಿ ಕಬ್ಬು, ತೆಂಗು ಬೆಳೆಯುವವರು; ಮಾತು ಕಡಿಮೆ, ಕೊಟ್ಟ ಮಾತು ತಪ್ಪದವರು.

ಕಳೆದ ನವೆಂಬರಿನಲ್ಲಿ ಒಂದು ಅಂತಿಮ ಪಂದ್ಯದಲ್ಲಿ ರೈಡಿಗೆ ಹೋದ ಈ ಹುಡುಗಿ ಬೋನಸ್ ಗೆರೆಯ ಬಳಿ ಗಕ್ಕನೆ ತಿರುಗಿದಾಗ ಬಲ ಮಂಡಿಯೊಳಗೆ ಲಟಕ್ಕೆಂದಿತ್ತು. ಆ ಸದ್ದು ತನಗೇ ಕೇಳಿಸಿತೆಂದು ಅವಳು ಹೇಳುತ್ತಾಳೆ. ತರಬೇತುದಾರ ಪ್ರಭುಸ್ವಾಮಿ ಅವಳನ್ನು ಹೊರಗೆ ಕೂರಿಸಿ, ಮಂಡಿಗೆ ತಣ್ಣನೆಯ ಸ್ಪ್ರೇ ಹೊಡೆದು, ಕ್ರೇಪ್ ಬ್ಯಾಂಡೇಜು ಬಿಗಿದು, ಪಂದ್ಯ ಮುಗಿಯಲು ಏಳು ನಿಮಿಷವಿದ್ದಾಗ ಮತ್ತೆ ಒಳಗೆ ಕಳಿಸಿದರು. ಮೂರು ರೈಡ್ ಮಾಡಿದಳು. ತಂಡ ಗೆದ್ದಿತು. ಮುಂದಿನ ವಾರ ಕಾಲೇಜಿನಲ್ಲಿ ಸಭೆ ಸೇರಿಸಿ, ನೋವಿನಲ್ಲೂ ಆಡಿದ ಛಲಕ್ಕೆಂದು ಅವಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮಂಡಿ ಗಡಿಗೆಯಂತೆ ಊದಿಕೊಂಡಿದ್ದ ಅವಳನ್ನು ಇಬ್ಬರು ಹುಡುಗಿಯರು ತೋಳು ಹಿಡಿದು ವೇದಿಕೆ ಹತ್ತಿಸಿದರು. ಒಂದು ಮಗುವಿನ ಕಾಲನ್ನು ಕೆಡಿಸಿ ಅದೇ ಕಾಲಿಗಾಗಿ ಅವಳನ್ನು ಸನ್ಮಾನಿಸುವ ಆ ಸಭೆಯಲ್ಲಿ ಹಳೆಯ ಗುರುವೆಂದು ನನ್ನನ್ನೂ ಕರೆದಿದ್ದರು. ನಾನೂ ಚಪ್ಪಾಳೆ ತಟ್ಟಿದೆ. ಇದನ್ನು ಮರೆಮಾಚಿ ಮುಂದಿನದನ್ನು ಹೇಳುವುದು ನ್ಯಾಯವಲ್ಲ.

ಡಿಸೆಂಬರಿನಲ್ಲಿ ಮೈಸೂರಿನ ವೈದ್ಯರು ಸ್ಕ್ಯಾನ್ ನೋಡಿ, ಮಂಡಿಯ ಲಿಗಮೆಂಟು ಪೂರ್ತಿ ಹರಿದಿದೆ, ಅದರ ಪಕ್ಕದ ಮೆತ್ತೆಯೂ ಸೀಳಿದೆ ಎಂದರು. ಮೊದಲನೆಯದು ಆ ತಿರುವಿನಲ್ಲಿ ಆದದ್ದು. ಎರಡನೆಯದು ಬಹುಶಃ ಆಮೇಲಿನ ಏಳು ನಿಮಿಷಗಳಲ್ಲಿ. ಜನವರಿಯ ಎರಡನೇ ವಾರ ತೊಡೆಯ ಹಿಂಭಾಗದಿಂದ ನರದಂಥ ಎಳೆಯೊಂದನ್ನು ತೆಗೆದು ಮಂಡಿಯೊಳಗೆ ಹೊಸ ಲಿಗಮೆಂಟಾಗಿ ಕೂರಿಸಿದರು. ಮನೆಗೆ ಕಳಿಸುವಾಗ ವೈದ್ಯರು ಎರಡು ಷರತ್ತು ಹಾಕಿದರು. ಒಂಬತ್ತು ತಿಂಗಳು ತುಂಬುವವರೆಗೆ ಪಂದ್ಯವಿಲ್ಲ. ತುಂಬಿದ ಮೇಲೂ, ಬಲಗಾಲು ಎಡಗಾಲಿನ ಶೇಕಡಾ ತೊಂಬತ್ತನ್ನು ಮುಟ್ಟದ ಹೊರತು ಅಂಕಣಕ್ಕೆ ಇಳಿಯುವಂತಿಲ್ಲ.

ಮೊದಲನೆಯ ಷರತ್ತು ಆ ಮನೆಯಲ್ಲಿ ಹೇಗೆ ಸವೆದುಹೋಯಿತೋ ತಿಳಿಯದು. ಒಂಬತ್ತು ತಿಂಗಳೆಂದರೆ ಅಕ್ಟೋಬರ್. ಕಾಲೇಜು ತಂಡದ ಆಯ್ಕೆ ಆಗಸ್ಟ್ ಕೊನೆಯ ಶನಿವಾರ. ಮಾಲಿನಿಗೆ ಕಾಲೇಜಿನಲ್ಲಿ ಇದೇ ಕೊನೆಯ ವರ್ಷ. "ತಿಂಗ್ಳ ಲೆಕ್ಕ ಮನೇಲಿ ಕೂತೋರಿಗೆ ಸಾರ್. ಶ್ರಮ ಪಡೋರಿಗೆ ಪರ್ಸೆಂಟ್ ಬಂದ್ರಾಯ್ತು," ಎಂದು ಪ್ರಭುಸ್ವಾಮಿ ಶಾಂತಮೂರ್ತಿಯವರಿಗೆ ಹೇಳಿದ್ದರು. ಶಾಂತಮೂರ್ತಿ ಯೋಚಿಸಿ ಒಂದೇ ಮಾತು ಆಡಿದರು.

"ತೊಂಬತ್ತು ಬಂದ್ರೆ ಆಡ್ಲಿ. ಬರ್ನಿಲ್ಲ ಅಂದ್ರೆ ಬ್ಯಾಡ."

ಅಳೆಯುವ ಕೆಲಸ ನನಗೆ ಬಂದದ್ದು ಯಶೋದ ಅವರಿಂದ. ಆಕೆ ಹನೂರಿನವರು, ಕೊಳ್ಳೇಗಾಲದ ಬಸ್ ನಿಲ್ದಾಣದ ಬಳಿ ಮಹಡಿಯ ಮೇಲೆ ಫಿಸಿಯೋಥೆರಪಿ ನಡೆಸುತ್ತಾರೆ. ಮಾಲಿನಿ ಮೊದಲ ವಾರದಿಂದ ಅವರ ಬಳಿಗೆ ಹೋಗಿ, ಮಂಡಿ ಬಾಗಿಸುವುದು, ತೊಡೆ ಬಿಗಿಯುವುದು, ಕೋಲಿಲ್ಲದೆ ನಡೆಯುವುದು, ಮೆಟ್ಟಿಲು ಹತ್ತುವುದು, ನಿಧಾನವಾಗಿ ಓಡುವುದು, ಎಲ್ಲವನ್ನೂ ಕ್ರಮವಾಗಿ ಕಲಿತಳು. ನೆಗೆತ ಶುರುವಾಗುವ ಹೊತ್ತಿಗೆ ಆ ಕೋಣೆ ಸಾಲದಾಯಿತು. ಎರಡು ಮಂಚಗಳ ನಡುವೆ ಒಂದೂವರೆ ಮೀಟರ್ ನೆಗೆದರೆ ಗೋಡೆಗೆ ಹಣೆ.

"ನಿಮ್ಮ ಶಾಲೆ ಅಂಗಳದಲ್ಲಿ ಅಳೆದು ನನಗೆ ಕಳಿಸ್ತೀರಾ ಸರ್? ನೀವು ಲೆಕ್ಕದವ್ರು, ತಪ್ಪಾಗಲ್ಲ," ಎಂದು ಯಶೋದ ಕೇಳಿದರು. ಒಪ್ಪಿಕೊಂಡೆ. ನೂರು ಪುಟದ ಪುಸ್ತಕವೊಂದಕ್ಕೆ ರಟ್ಟು ಹಾಕಿ, ಗೆರೆ ಎಳೆದು, ದಿನಾಂಕ, ಬಲಗಾಲು, ಎಡಗಾಲು, ಶೇಕಡಾ ಎಂದು ನಾಲ್ಕು ಅಂಕಣ ಮಾಡಿದೆ.

ಜೂನ್ ಎರಡನೇ ಭಾನುವಾರ ಬಲಗಾಲು ತೊಂಬತ್ತೆರಡು ಸೆಂಟಿಮೀಟರ್, ಎಡಗಾಲು ನೂರ ನಲವತ್ತೆರಡು, ಶೇಕಡಾ ಅರವತ್ತೈದು. ಆಮೇಲೆ ಅರವತ್ತೆಂಟು, ಎಪ್ಪತ್ತೆರಡು, ಎಪ್ಪತ್ತಮೂರು. ಪ್ರತಿ ಸಲವೂ ಪುಸ್ತಕದಲ್ಲಿ ಎಲ್ಲವನ್ನೂ ಬರೆದು, ಫೋನಿನಲ್ಲಿ ಶೇಕಡಾವನ್ನು ಮಾತ್ರ ಯಶೋದ ಅವರಿಗೆ ಕಳಿಸುತ್ತಿದ್ದೆ. ಚೊಕ್ಕವಾದ ಒಂದೇ ಸಂಖ್ಯೆ. ಅದನ್ನು ಕಳಿಸುವುದರಲ್ಲಿ ನನಗೊಂದು ತೃಪ್ತಿಯಿತ್ತು.

ಆಗಸ್ಟ್ ಮೊದಲ ವಾರ ಎಂಬತ್ತನಾಲ್ಕು ಬಂತು. ಮೂರನೇ ಭಾನುವಾರ ತೊಂಬತ್ತಮೂರು.

ಮಾಲಿನಿಯ ತಾಯಿ ಶಿವರತ್ನಮ್ಮ ಅಂದು ಅಂಗಳದಲ್ಲೇ ಇದ್ದರು. ನಾನು ಸಂಖ್ಯೆ ಓದಿ ಹೇಳಿದಾಗ ಸೆರಗಿನಿಂದ ಮುಖ ಒರೆಸಿಕೊಂಡರು.

"ನಂಜನಗೂಡ್ನಲ್ಲಿ ಮದ್ವೆಗೆ ಓಗಿದ್ವಿ ಸಾ. ಬಂದೋರೆಲ್ಲ ಕಾಲೇ ಕೇಳೋರು, ಮಗಳ್ನ ಯಾರೂ ಕೇಳ್ನಿಲ್ಲ. ಊನ ಉಳ್ಕತದಂತಾ, ಕುಂಟ್ತಾಳಂತಾ. ನಾಕ್ ಜನದ ಮುಂದೆ ಒಂದ್ ಸಲ ಆಡ್ಬುಟ್ರೆ ಎಲ್ಲರ್ ಬಾಯೂ ಮುಚ್ಚೋಯ್ತದೆ."

ಯಶೋದ ಅವರಿಂದ ಉತ್ತರ ಬಂತು: ತುಂಬಾ ಸಂತೋಷ ಸರ್, ಆದರೂ ಅಕ್ಟೋಬರ್‌ವರೆಗೆ ಪಂದ್ಯ ಬೇಡ. ನಾನು ಮೊದಲ ಎರಡು ಪದಗಳನ್ನು ಗಟ್ಟಿಯಾಗಿ ಓದಿದೆ. ಉಳಿದದ್ದನ್ನು ಸಣ್ಣ ದನಿಯಲ್ಲಿ ಓದಿದೆ. ಸೋಮವಾರ ಪ್ರಭುಸ್ವಾಮಿ ನನ್ನ ಮನೆಗೇ ಬಂದು, ಕಾಲೇಜಿಗೆ ತೋರಿಸಲು ಒಂದು ಚೀಟಿ ಬೇಕೆಂದರು. ಬಲಗಾಲು ಶೇಕಡಾ ತೊಂಬತ್ತಮೂರು ಮುಟ್ಟಿದೆ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಬರೆದದ್ದು ನಿಜವೆಂಬ ನಂಬಿಕೆಯಲ್ಲಿ ಒಂಬತ್ತು ತಿಂಗಳ ಮಾತನ್ನು ಬರೆಯದೆ ಬಿಟ್ಟೆ. ಅರ್ಧವನ್ನು ಬಿಟ್ಟು ಬರೆದದ್ದು ನಿಜವಾಗುವುದಿಲ್ಲವೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವನು ನಾನು.

ಮರುದಿನ ಒಂಬತ್ತನೇ ತರಗತಿಗೆ ನಕ್ಷೆಯ ಪಾಠವಿತ್ತು. ಪುಸ್ತಕದ ಉದಾಹರಣೆಗಳು ಸಪ್ಪೆ ಎನಿಸಿ, ಹೆಸರು ಹೇಳದೆ ಮಾಲಿನಿಯ ಅಳತೆಗಳನ್ನೇ ಕೊಡೋಣವೆಂದು ಮಧ್ಯಾಹ್ನದ ಬಿಡುವಿನಲ್ಲಿ ಗ್ರಾಫ್ ಹಾಳೆ ತೆಗೆದು ಕೂತೆ. ಬಲಗಾಲಿನ ಚುಕ್ಕೆಗಳನ್ನು ಸೇರಿಸಿದೆ: ತೊಂಬತ್ತೆರಡು, ತೊಂಬತ್ತೇಳು, ನೂರಾ ಒಂದು, ನೂರ ನಾಲ್ಕು, ನೂರ ಎಂಟು, ನೂರ ಹನ್ನೊಂದು. ನಿಧಾನವಾಗಿ ಏರುವ ಗೆರೆ. ಆಮೇಲೆ ಎಡಗಾಲಿನವು: ನೂರ ನಲವತ್ತೆರಡು, ನಲವತ್ತಮೂರು, ನಲವತ್ತೊಂದು, ನಲವತ್ತಮೂರು. ನಂತರ ನೂರ ಇಪ್ಪತ್ತೊಂಬತ್ತು. ಕೊನೆಗೆ ನೂರ ಹತ್ತೊಂಬತ್ತು.

ಯಾವ ಪೆಟ್ಟೂ ಬೀಳದ ಕಾಲು ಒಂದೇ ತಿಂಗಳಲ್ಲಿ ಇಪ್ಪತ್ತನಾಲ್ಕು ಸೆಂಟಿಮೀಟರ್ ಕಳೆದುಕೊಂಡಿತ್ತು. ಬಲಗಾಲು ಮೊದಲಿನ ಹಾಗೆಯೇ ಹದಿನೈದು ದಿನಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಮಾತ್ರ ಮುಂದೆ ಹೋಗಿತ್ತು. ತೊಂಬತ್ತಮೂರು ಬಂದದ್ದು ಕಾಲು ಗುಣವಾದ್ದರಿಂದಲ್ಲ.

ಸಂಜೆ ಐದೂವರೆಗೆ ಕೊಳ್ಳೇಗಾಲದ ಬಸ್ಸು ಬಂತು. ನಾನು ನಿಲ್ದಾಣದಲ್ಲಿ ಕಾದಿದ್ದೆ. ಮಾಲಿನಿ ಇಳಿದು, ಬ್ಯಾಗು ಹೆಗಲಿಗೇರಿಸಿ, ನಗುತ್ತ ಬಂದಳು. ಕಬ್ಬಿನ ಗದ್ದೆಯ ಪಕ್ಕದ ದಾರಿಯಲ್ಲಿ ಸ್ವಲ್ಪ ದೂರ ನಡೆದ ಮೇಲೆ ಹಾಳೆಯನ್ನು ಬಿಡಿಸಿ ಕೊಟ್ಟೆ.

"ಎಡಗಾಲಿಗೆ ಏನಾಗಿದೆ?" ಎಂದು ಕೇಳಿದೆ.

"ಏನೂ ಆಗಿಲ್ಲ ಸಾ."

"ಏನೂ ಆಗದ ಕಾಲು ಹೀಗೆ ಇಳಿಯುತ್ತದೆಯೇ?"

ಅವಳು ಗ್ರಾಫನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಹೇಳಲು ಅವಳಿಗೆ ಅವಕಾಶವಿತ್ತು; ಹೇಳಲಿಲ್ಲ.

"ಬಲಗಾಲ್ನ ಎಷ್ಟ್ ಜಗ್ಗುದ್ರೂ ಮೂರ್ ಸೆಂಟಿಮೀಟ್ರೇ ಸಾ ಬರದು. ಅದು ನನ್ ಮಾತ್ ಕೇಳಲ್ಲ. ಎಡಗಾಲು ಕೇಳ್ತದೆ. ಅದ್ಕೆ ಅದ್ನೇ ಒಸಿ ಕಮ್ಮಿ ಮಾಡ್ದೆ."

"ಯಾರು ಹೇಳಿಕೊಟ್ಟರು? ಪ್ರಭುಸ್ವಾಮಿಯೇ?"

"ಇಲ್ಲ ಸಾ. ಅವ್ರಿಗೆ ಅಷ್ಟ್ ಲೆಕ್ಕ ಬರಲ್ಲ. ಎಂಗಾರಾ ಮಾಡಿ ತೊಂಬತ್ತು ತತ್ತಾ ಅಂದ್ರು, ಅಷ್ಟೇಯ." ತಲೆ ತಗ್ಗಿಸಿದಳು. "ಒಂಬತ್ನೇ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದಲ್ವಾ. ಮೇಲಿನ ಸಂಖ್ಯೆ ದೊಡ್ಡದು ಮಾಡಾಕ್ ಆಗ್ದಿದ್ರೆ ಕೆಳ್ಗಿನ್ದ ಚಿಕ್ಕದು ಮಾಡುದ್ರೂ ಬೆಲೆ ಜಾಸ್ತಿ ಆಯ್ತದೆ ಅಂತಾ."

ಹೌದು, ಹೇಳಿಕೊಟ್ಟಿದ್ದೆ. ಛೇದ ಕಡಿಮೆಯಾದಷ್ಟೂ ಭಿನ್ನರಾಶಿಯ ಬೆಲೆ ಹೆಚ್ಚುತ್ತದೆ. ಹಲಗೆಯ ಮೇಲೆ ಬರೆದು, ತರಗತಿಯಿಂದ ಹತ್ತು ಸಲ ಹೇಳಿಸಿದ್ದೆ. ಮರೆಯದೆ ಕಲಿತ ಕೆಲವೇ ಮಕ್ಕಳಲ್ಲಿ ಇವಳೊಬ್ಬಳು.

ನನ್ನ ಸಿಟ್ಟು ಮೊದಲು ಅವಳ ಮೇಲೆ ಬಂತು. ಮೋಸವೆಂದರೇನೆಂದು ನಿನಗೆ ಕಲಿಸಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ನನ್ನ ಕೈಯಲ್ಲಿ ಫೋನಿತ್ತು; ಅದರಲ್ಲಿ ಯಶೋದ ಅವರಿಗೆ ಕಳಿಸಿದ ಆರು ಸಂದೇಶಗಳಿದ್ದವು. 65. 68. 72. 73. 84. 93. ಒಂದರಲ್ಲೂ ಎಡಗಾಲಿಲ್ಲ, ಬಲಗಾಲಿಲ್ಲ. ಹಂತಗಳನ್ನು ಬರೆಯದೆ ಉತ್ತರ ಮಾತ್ರ ಬರೆದವರಿಗೆ ನಾನು ಎಂದೂ ಅಂಕ ಕೊಟ್ಟವನಲ್ಲ. ಉತ್ತರ ಸರಿಯಿದ್ದರೂ ಸೊನ್ನೆ ಹಾಕಿ, ಪಕ್ಕದಲ್ಲಿ ಕೆಂಪು ಮಸಿಯಲ್ಲಿ 'ಹಂತಗಳೆಲ್ಲಿ' ಎಂದು ಬರೆಯುತ್ತಿದ್ದೆ. ಆ ಎರಡು ಅಳತೆಗಳನ್ನು ಕಳಿಸಿದ್ದರೆ ಯಶೋದ ಆಗಸ್ಟ್ ಮೊದಲ ವಾರವೇ ಹಿಡಿಯುತ್ತಿದ್ದರು.

ಫೋನನ್ನು ಮಾಲಿನಿಗೆ ತೋರಿಸಿದೆ.

"ನಿನ್ನ ಮೋಸ ನಡೆದದ್ದು ನಾನು ಹಂತ ಬಿಟ್ಟದ್ದರಿಂದ. ನಿನ್ನದು ಆಮೇಲೆ ನೋಡೋಣ. ಮೊದಲು ನನ್ನದನ್ನು ತಿದ್ದಿಕೊಳ್ಳಬೇಕು. ಗುರುವಾರ ನನ್ನ ಜೊತೆ ಕೊಳ್ಳೇಗಾಲಕ್ಕೆ ಬಾ."

ಅವಳು ಹಾಳೆಯನ್ನು ಮಡಚಿ ಹಿಂದಕ್ಕೆ ಕೊಟ್ಟಳು. "ಅಪ್ಪಯ್ಯಂಗೆ ಏಳ್ತೀರಾ ಸಾ?"

"ಅಳತೆಯಲ್ಲಿ ತಪ್ಪಾಗಿದೆ, ಅಳೆದವನು ನಾನು ಎಂದು ಹೇಳುತ್ತೇನೆ. ಉಳಿದದ್ದನ್ನು ಹೇಳುವುದೂ ಬಿಡುವುದೂ ನಿನ್ನದು."

ಗುರುವಾರ ಯಶೋದ ಅವರ ಕೋಣೆಯಲ್ಲಿ ಒಂದು ಮಂಚದ ಮೇಲೆ ಇನ್ನೊಬ್ಬ ಹುಡುಗಿ ಮಲಗಿದ್ದಳು. ಕೌದಳ್ಳಿಯ ದೀಪ, ಹತ್ತೊಂಬತ್ತು ವರ್ಷ, ಖೋ-ಖೋ ಆಟಗಾರ್ತಿ. ಎಡಗಾಲನ್ನು ನೆಟ್ಟಗೆ ಮೇಲಕ್ಕೆತ್ತಿ ಹತ್ತು ಎಣಿಸಿ ಇಳಿಸುತ್ತಿದ್ದಳು. ಹೊಸದಾಗಿ ಹೊಲಿಗೆ ಬಿಚ್ಚಿದ ಗುರುತು ಎದ್ದು ಕಾಣುತ್ತಿತ್ತು. ಬಲ ಮಂಡಿಯ ಮೇಲೆ ಅಂಥದೇ ಇನ್ನೊಂದು ಗುರುತು, ಹಳೆಯದು. ಯಶೋದ ನಾನು ಕೊಟ್ಟ ಅಳತೆಯ ಪುಸ್ತಕ ಓದುತ್ತಿದ್ದಾಗ ಹುಡುಗಿಯರಿಬ್ಬರೂ ಮಾತಿಗೆ ಬಿದ್ದರು.

"ನಿಂದೂ ಲಿಗಮೆಂಟಾ?" ಎಂದಳು ದೀಪ. "ಎಷ್ಟ್ ತಿಂಗ್ಳು?"

"ಏಳೂವರೆ. ನಿಮ್ದು ಎರಡೂ ಕಾಲಾ ಅಕ್ಕ?"

"ಬಲಗಾಲು ಮೊದ್ಲು. ಆರ್ ತಿಂಗ್ಳಿಗೆ ಆಡಾಕ್ ಓದೆ. ಆಪ್ರೇಷನ್ ಮಾಡಿದ್ದು ಏನೂ ಆಗ್ನಿಲ್ಲ ಕಣೆ, ಗಟ್ಟಿಯಾಗೇ ಅದೆ. ಚೆನ್ನಾಗಿದ್ದ ಎಡಗಾಲು ಓಯ್ತು. ಬಲಗಾಲಿಗೆ ಶಕ್ತಿ ಇರ್ನಿಲ್ಲ, ಭಾರೆಲ್ಲ ಈ ಕಾಲ್ ಮ್ಯಾಲೇ ಬಿತ್ತು." ಕಾಲು ಇಳಿಸಿ ಉಸಿರು ಬಿಟ್ಟಳು. "ಮೊದಲ್ನೇ ಸಲ ಊರೋರೆಲ್ಲ ಆಪಲ್ಲು, ದ್ರಾಕ್ಷಿ ತಕಂಡು ನೋಡಾಕ್ ಬಂದ್ರು. ಎರಡ್ನೇ ಸಲ ನಮ್ಮತ್ತೆ ಒಬ್ರು ಬಂದ್ರು. ಅವ್ರೂ ನಾಕ್ ಬಾಳೆಹಣ್ಣು ತಂದು, ಎರಡ್ನ ಅವ್ರೇ ತಿಂದ್ಕಂಡು ಓದ್ರು."

ಮಾಲಿನಿ ನಕ್ಕಳು. ನಂತರ ನಗು ನಿಲ್ಲಿಸಿ ತನ್ನ ಎಡ ಮಂಡಿಯ ಮೇಲೆ ಕೈ ಇಟ್ಟುಕೊಂಡಳು.

ಯಶೋದ ಪುಸ್ತಕ ಮುಚ್ಚಿದರು. ಗದರಲಿಲ್ಲ. "ನಾನೂ ಎರಡು ಅಳತೆ ಕೇಳಬೇಕಿತ್ತು, ಕೇಳಲಿಲ್ಲ," ಎಂದರು. "ಇಲ್ಲಿ ನೋಡು ಮಾಲಿನಿ. ಈ ಪರೀಕ್ಷೇಲಿ ನಾನು ಏನೂ ಮಾಡೋಕಾಗಲ್ಲ. ನಿನ್ನ ಬೆನ್ನು ತಳ್ಳಿ ದೂರ ನೆಗೆಸೋಕಾಗಲ್ಲ. ಎಡಗಾಲು ಎಷ್ಟು ನೆಗೀತದೆ ಅನ್ನೋದು ನಿನಗೊಬ್ಬಳಿಗೇ ಗೊತ್ತು. ನೀನು ಕಮ್ಮಿ ನೆಗೆದರೆ ಕಾಗದ ನಿನ್ನನ್ನ ಆಡೋಕೆ ಬಿಡ್ತದೆ. ಮಂಡಿ ಕಾಗದ ಓದಲ್ಲ."

ಶುಕ್ರವಾರ ಸಂಜೆ ಶಾಂತಮೂರ್ತಿಯವರ ಜಗುಲಿಯಲ್ಲಿ ಕುಳಿತು, ನಾನು ಕೊಟ್ಟ ಚೀಟಿ ತಪ್ಪು, ಅದನ್ನು ಹಿಂದಕ್ಕೆ ಪಡೆಯುತ್ತೇನೆ, ಒಂಬತ್ತು ತಿಂಗಳು ತುಂಬದೆ ಆಡಿಸುವುದೂ ತಪ್ಪು ಎಂದು ಹೇಳಿದೆ. ಶಿವರತ್ನಮ್ಮನವರ ಮುಖ ಕಂದಿತು.

"ನಾಳೆ ಆಟ ಮಡಿಕಂಡು ಈಗ ಇಂಗಂದ್ರೆ ಎಂಗೆ ಸಾ? ಚೆನ್ನಾಗದೆ ಅಂತಾ ನೀವೇ ಸೈನ್ ಮಾಡಿದ್ರಿ."

"ಮಾಡಿದೆ. ಮಾಡಬಾರದಿತ್ತು."

"ತಿಂಗ್ಳು ಇನ್ನೂ ಒಂದೂವರೆ ಅದೆ, ನಂಗೂ ಗೊತ್ತು ಸಾ," ಎಂದು ಶಾಂತಮೂರ್ತಿ ನಿಧಾನವಾಗಿ ಹೇಳಿದರು. "ಆದ್ರೆ ಮಗಳಿಗೆ ಮಾತ್ ಕೊಟ್ಬುಟ್ಟಿವ್ನಿ. ತೊಂಬತ್ತು ಬಂದ್ರೆ ಆಡು ಅಂತಾ. ನಾಳೆ ಅಲ್ಲೇ ಎಲ್ಲಾರ್ ಮುಂದೆ ಅಳೀರಿ. ಬಂದ್ರೆ ಆಡ್ತಾಳೆ. ಬರ್ದಿದ್ರೆ ಮನೆಗೆ ಬರ್ತಾಳೆ."

ಮಾಲಿನಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹೀಗಾಗಿ ಇಡೀ ವಿಷಯ ಮತ್ತೆ ಅವಳ ಎಡಗಾಲಿಗೇ ಬಂದು ನಿಂತಿತು. ಜಗುಲಿಯಲ್ಲಿದ್ದವರ ಪೈಕಿ ಅದು ನನಗೂ ಅವಳಿಗೂ ಮಾತ್ರ ಗೊತ್ತಿತ್ತು. ಮಕ್ಕಳ ಹೆಗಲ ಮೇಲೆ ಇಂಥ ಭಾರ ಹೊರಿಸುವ ಹಿರಿಯರಲ್ಲಿ ಒಬ್ಬರಾದರೂ, ವೈದ್ಯರು ಹೇಳಿದ ಮೇಲೆ ಮುಗಿಯಿತು, ಇನ್ನು ಮಾತಿಲ್ಲ ಎಂದು ಎದ್ದು ನಿಲ್ಲಬೇಕಿತ್ತು. ನಿಲ್ಲಬೇಕಾದ ಹೊತ್ತಿನಲ್ಲಿ ಸಹಿ ಹಾಕಿ ಕೂತವನ ಮಾತಿಗೆ ಆ ಜಗುಲಿಯಲ್ಲಿ ಎಷ್ಟು ಬೆಲೆಯಿರಬೇಕೋ ಅಷ್ಟೇ ಇತ್ತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಾಲೇಜಿನ ಮೈದಾನ. ಹುಡುಗಿಯರು ಅಂಕಣದ ಸುತ್ತ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ನಾನು ಪಕ್ಕದ ಗಟ್ಟಿ ನೆಲದಲ್ಲಿ ಗೆರೆ ಎಳೆದೆ. ಪ್ರಭುಸ್ವಾಮಿ ಕತ್ತಿನ ಸೀಟಿಯನ್ನು ಬೆರಳಿಗೆ ಸುತ್ತುತ್ತ ಬಂದರು.

"ಒಂದ್ಸಲ ಪಾಸಾದವಳಿಗೆ ಮತ್ತೆ ಪರೀಕ್ಷೆ ಯಾಕೆ ಸಾರ್? ಸಪ್ಲಿಮೆಂಟರಿನಾ?"

"ಪರೀಕ್ಷಕ ತಪ್ಪು ಮಾಡಿದ್ದಾನೆ," ಎಂದೆ.

ಮೊದಲು ಬಲಗಾಲು. ನೂರ ಒಂಬತ್ತು, ನೂರ ಹನ್ನೆರಡು, ನೂರ ಹತ್ತು. ಮೂರೂ ಸಲ ಅಲುಗದೆ ನಿಂತಳು. ನೂರ ಹನ್ನೆರಡು ಎಂದು ಬರೆದುಕೊಂಡೆ.

ಎಡಗಾಲಿನ ಮೊದಲ ನೆಗೆತ ನೂರ ಇಪ್ಪತ್ತು.

ಪ್ರಭುಸ್ವಾಮಿ ಫೋನಿನಲ್ಲಿ ಭಾಗಿಸಿದರು. "ತೊಂಬತ್ತಮೂರು. ನೋಡಿ ಸಾರ್, ಅದೇ ಬಂತು. ಸಾಕು ಬುಡಿ, ಉಡ್ಗಿ ಸುಸ್ತಾಯ್ತಾಳೆ. ಲೇ ಮಾಲಿನಿ, ಓಗಿ ಜರ್ಸಿ ಹಾಕ್ಕೊ."

ಶಿವರತ್ನಮ್ಮ ಕೈ ಜೋಡಿಸಿದರು. ಶಾಂತಮೂರ್ತಿ ನನ್ನ ಮುಖ ನೋಡಿದರು. ನಾನು ಟೇಪಿನ ತುದಿಯನ್ನು ಗೆರೆಯ ಮೇಲೇ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದೆ. "ಇನ್ನೂ ಎರಡು ಅವಕಾಶವಿದೆ," ಎಂದಷ್ಟೇ ಹೇಳಿದೆ. ಬೇರೆ ಮಾತಾಡುವ ಹಕ್ಕು ನನಗಿರಲಿಲ್ಲ.

ಮಾಲಿನಿ ಅಂಕಣದ ಕಡೆ ನೋಡಿದಳು. ಅಲ್ಲಿ ಯಾರೋ ಅವಳ ಹೆಸರು ಕೂಗಿದರು. ಅವಳು ಗೆರೆಗೆ ಹಿಂದಿರುಗಿ, ಎಡಗಾಲಿನ ಹೆಬ್ಬೆರಳು ತಾಗಿಸಿ ನಿಂತಳು.

ನೂರ ಮೂವತ್ತೊಂದು.

"ಏನ್ಲೇ ಇದು," ಎಂದರು ಪ್ರಭುಸ್ವಾಮಿ, ದನಿ ಬದಲಾಗಿ. "ಸಾಕು ಅಂತ ಹೇಳ್ನಿಲ್ವಾ?"

ಅವಳು ಮತ್ತೆ ಗೆರೆಗೆ ಬಂದಳು. ಮೂರನೆಯ ಸಲ ತೋಳುಗಳನ್ನು ಹಿಂದಕ್ಕೆ ಬೀಸಿ, ಮಂಡಿ ಪೂರ್ತಿ ಬಗ್ಗಿಸಿ ನೆಗೆದಳು. ಹಿಮ್ಮಡಿ ಊರಿದ ಜಾಗದಲ್ಲಿ ಧೂಳು ಎದ್ದಿತು. ಎರಡು ಎಣಿಸಿದೆ, ಅಲುಗಲಿಲ್ಲ. ಟೇಪು ಎಳೆದು ಓದಿದೆ.

"ನೂರ ನಲವತ್ತಾರು."

"ಕೊಡಿ ಸಾ," ಎಂದು ಮಾಲಿನಿ ಪುಸ್ತಕ, ಪೆನ್ನು ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡಳು. ಅಲ್ಲೇ ನೆಲದ ಮೇಲೆ ಕೂತು ಆರು ನೆಗೆತಗಳನ್ನೂ ಒಂದರ ಕೆಳಗೊಂದು ಬರೆದಳು; ನೂರ ಇಪ್ಪತ್ತನ್ನೂ ಬಿಡಲಿಲ್ಲ. ನೂರ ಹನ್ನೆರಡನ್ನು ನೂರ ನಲವತ್ತಾರರಿಂದ ಭಾಗಿಸಿ, ಹಂತ ಹಂತವಾಗಿ, ನಾನು ಕಲಿಸಿದ ರೀತಿಯಲ್ಲೇ.

"ಎಪ್ಪತ್ತೇಳು ಅಪ್ಪಯ್ಯ," ಎಂದಳು. ಸ್ವಲ್ಪ ತಡೆದು ಮತ್ತೆ ಹೇಳಿದಳು: "ಅವತ್ತು ಮೇಷ್ಟ್ರು ತಪ್ಪಾಗಿ ಅಳೀನಿಲ್ಲ. ನಾನೇ ಎಡಗಾಲ್ನ ಕಮ್ಮಿ ನೆಗ್ದಿದ್ದೆ."

ಶಾಂತಮೂರ್ತಿ ಮಗಳನ್ನು ನೋಡುತ್ತ ನಿಂತರು. ಪ್ರಭುಸ್ವಾಮಿ ಮಧ್ಯೆ ಬಂದರು.

"ಹೋಗ್ಲಿ ಬುಡಿ ಸಾರ್. ಒಳ್ಳೆ ಕ್ರೇಪ್ ಬ್ಯಾಂಡೇಜ್ ಅದೆ. ಬಿಗಿಯಾಗಿ ಕಟ್ಟಿ ಎರಡೇ ಎರಡು ರೈಡ್ ಕಳ್ಸ್ತೀನಿ. ಸೆಲೆಕ್ಷನ್‌ಗೆ ಮುಖ ತೋರಿಸ್ದಂಗೆ ಆಯ್ತದೆ."

"ಬ್ಯಾಡ," ಎಂದರು ಶಾಂತಮೂರ್ತಿ. "ಎಪ್ಪತ್ತೇಳು ಬಂದದೆ. ಓದ್ ಸಲ ನೀವ್ ಬ್ಯಾಂಡೇಜ್ ಕಟ್ಟಿದ್ದು ಮೈಸೂರ್ನಲ್ಲಿ ಬಿಚ್ಚುದ್ರು."

ನಾನು ಕೈ ಚಾಚಿ ಚೀಟಿ ಕೇಳಿದೆ. ಪ್ರಭುಸ್ವಾಮಿ ಮೂರು ಜೇಬು ತಡಕಿ, ಮಡಚಿದ ಕಾಗದವನ್ನು ಕೊಟ್ಟು, ಸೀಟಿ ಊದುತ್ತ ಅಂಕಣದ ಕಡೆ ಹೋದರು. ಕಳೆದ ನವೆಂಬರಿನ ಏಳು ನಿಮಿಷಗಳ ಬಗ್ಗೆ ಕಾಲೇಜಿಗೆ ನಾನು ಬರೆದ ಪತ್ರ ಸೋಮವಾರ ಅಂಚೆಗೆ ಹೋಯಿತು. ಅದರಲ್ಲಿ ನನ್ನ ಚಪ್ಪಾಳೆಯನ್ನೂ ನನ್ನ ಸಹಿಯನ್ನೂ ಬಿಡದೆ ಬರೆದಿದ್ದೇನೆ. ಇದುವರೆಗೆ ಉತ್ತರ ಬಂದಿಲ್ಲ.

ಮಾಲಿನಿ ಆಯ್ಕೆ ಮುಗಿಯುವವರೆಗೂ ಅಂಕಣದ ಹೊರಗೆ ಕೂತಿದ್ದಳು. ಅವಳ ಜಾಗಕ್ಕೆ ಬೇರೊಬ್ಬಳು ಆಯ್ಕೆಯಾದಳು. ಮನೆಗೆ ಹೊರಡುವಾಗ ಅವಳ ಕಣ್ಣು ಕೆಂಪಾಗಿತ್ತು. ಶಿವರತ್ನಮ್ಮ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತರು. ಯಳಂದೂರು ದಾಟಿದ ಮೇಲೆ, ಎದುರು ಸೀಟಿನ ನಮ್ಮೂರ ಹೆಂಗಸೊಬ್ಬಳು ಮಗಳ ಕಾಲು ಸರಿಹೋಯಿತೇ ಎಂದು ವಿಚಾರಿಸಿದಾಗ, "ಇನ್ನೂ ಇಲ್ಲ ಕಣವ್ವ, ಟೈಮ್ ಬೇಕು," ಎಂದು ನೆಟ್ಟಗೆ ಕೂತು ಉತ್ತರಿಸಿದರು.

ಆ ರಾತ್ರಿ ಯಶೋದ ಅವರಿಗೆ ಪುಸ್ತಕದ ಇಡೀ ಪುಟದ ಚಿತ್ರ ಹೋಯಿತು. ಕಳಿಸಿದವಳು ಮಾಲಿನಿ.

ಮುಂದಿನ ಅಳತೆಯ ಭಾನುವಾರ ಏಳು ಗಂಟೆಗೆ ನಾನು ಗೆರೆ ಎಳೆದು ಟೇಪು ಬಿಡಿಸಿದೆ. ಹನುಮಯ್ಯ ಬೇಲಿಯ ಆಚೆ ಸೈಕಲ್ಲು ನಿಲ್ಲಿಸಿ, "ಇದಿನ್ನೂ ಮುಗೀನಿಲ್ವಾ?" ಎಂದ.

"ಅಕ್ಟೋಬರ್ ಬರ್ಲಿ ಕಣಣ್ಣ," ಎಂದಳು ಮಾಲಿನಿ. ನಾನು ವಾಡಿಕೆಯಂತೆ ಪುಸ್ತಕದ ಬಲಗಾಲಿನ ಅಂಕಣದಲ್ಲಿ ಪೆನ್ನು ಊರಿದ್ದೆ. ಅವಳು ತಲೆಯಾಡಿಸಿ ಗೆರೆಗೆ ಬಂದು ನಿಂತಳು.

"ಮೊದ್ಲು ಎಡಗಾಲು ಸಾ."